ದುಂಡಕ್ಷರದ ಅಳತೆಗೋಲು

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಬೊಮ್ಮನಹಳ್ಳಿಯು ಬೇಗೂರು ಹೋಬಳಿಗೆ ಸೇರಿದ ಊರು. ಹೋಬಳಿಯ ಮುಖ್ಯಸ್ಥಾನವಾದ ಬೇಗೂರಿನಲ್ಲಿ ಗಂಗರ ಕಾಲದ, ಸುಮಾರು ಕ್ರಿ. ಶ. ೯ನೆಯ ಶತಮಾನದ, ವೀರಗಲ್ಲೊಂದರ ಮೇಲೆ ಬೆಂಗಳೂರ ಕಾಳಗದ ಮಾತು ಕೆತ್ತಲ್ಪಟ್ಟಿರುವುದು ಪ್ರಸಿದ್ಧವಾಗಿಯೇ ಇದೆ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ನೀಡಿದುದರಿಂದ ಈ ನಗರಕ್ಕೆ ಹೆಸರು ಬಂದಿತೆಂಬ ಕಥೆಯು, ಹೊಯ್ಸಳರಿಗಿಂತ ಹಳೆಯದಾದ ಆ ಕಲ್ಲಿನ ಮುಂದೆ ನಿಲ್ಲಲಾರದೆ ಹೋಯಿತು. ಬೆಂಗಳೂರೆಂಬ ನಾಲ್ಕು ಅಕ್ಷರಗಳನ್ನು ಕೆತ್ತಿದವನ ಕೈ ತಡವರಿಸಿದ್ದರೆ ಚರಿತ್ರೆಯ ಒಂದು ಸತ್ಯವು ಕಲ್ಲಿನೊಳಗೇ ಉಳಿದುಬಿಡುತ್ತಿದ್ದಿತು. ಕೆತ್ತಿದವನಾರೋ, ಓದಿದವರಾರೋ, ಇಬ್ಬರ ನಡುವೆ ಸಾವಿರ ವರ್ಷಗಳ ಅಂತರ. ಆದರೂ ಅಕ್ಷರವು ತನ್ನ ಕೆಲಸವನ್ನು ಮಾಡಿತು.

ಪ್ರಾಥಮಿಕ ಶಾಲೆಯ ಮಕ್ಕಳ ಬರಹವು ಹೇಗಿರಬೇಕು, ಅಂದವಾದ ಬರಹವೆಂದರೆ ಯಾವುದು, ಅದನ್ನು ಅಳೆಯುವ ಕೋಲು ಯಾವುದು ಎಂಬ ಪ್ರಶ್ನೆಯು ಉಪಾಧ್ಯಾಯರಲ್ಲಿಯೂ ತಾಯಿತಂದೆಗಳಲ್ಲಿಯೂ ಆಗಾಗ್ಗೆ ಏಳುವುದುಂಟು. ಕೆಲವರು ಮುತ್ತು ಪೋಣಿಸಿದಂತಹ ಅಕ್ಷರವೇ ವಿದ್ಯೆಯ ಲಕ್ಷಣವೆನ್ನುವರು. ಕಾಗೆಕಾಲು ಗುಬ್ಬಿಕಾಲಿನಂತೆ ಬರೆದರೂ ಅರ್ಥವಿದ್ದರೆ ಸಾಕೆನ್ನುವವರೂ ಇದ್ದಾರೆ. ಈ ವಾದವನ್ನು ತೀರ್ಮಾನಿಸುವ ಮುನ್ನ ಕನ್ನಡನಾಡಿನಲ್ಲಿ ಈ ಅಳತೆಗೋಲು ಯಾರ ಯಾರ ಕೈಯಲ್ಲಿ ಹೇಗೆ ಹೇಗೆ ಬದಲಾಯಿತೆಂಬುದನ್ನು ನೋಡುವುದು ಯುಕ್ತ.

ನಮ್ಮ ಪ್ರಾಚೀನ ವಿದ್ಯಾಭ್ಯಾಸದಲ್ಲಿ ಬರಹಕ್ಕೆ ಮೊದಲ ಮಣೆ ಇರಲಿಲ್ಲವೆಂಬುದು ನಿರ್ವಿವಾದ. ವಿದ್ಯೆಯು ಕಂಠಸ್ಥವಾಗಬೇಕಾದುದು. ಬರೆದುದನ್ನು ನೋಡಿ ಓದುವವನನ್ನು ಪಾಣಿನೀಯ ಶಿಕ್ಷೆಯು ಅಧಮ ಪಾಠಕರ ಪಂಕ್ತಿಯಲ್ಲಿ ಕುಳ್ಳಿರಿಸಿದೆ. ಆದರೆ ಬರೆಯಲೇಬೇಕಾದ ಸಂದರ್ಭ ಬಂದಾಗ ಹಿರಿಯರು ಅಳತೆಯನ್ನು ಸ್ಪಷ್ಟವಾಗಿಯೇ ಹೇಳಿದರು. ಮತ್ಸ್ಯಪುರಾಣದ ರಾಜಧರ್ಮ ಭಾಗದಲ್ಲಿ ಉತ್ತಮ ಲೇಖಕನ ಅಕ್ಷರಗಳಿಗೆ ನಾಲ್ಕು ಗುಣಗಳು ಹೇಳಲ್ಪಟ್ಟಿವೆ: ತಲೆಯ ಭಾಗವು ಸರಿಯಾಗಿರುವುದು, ಅಕ್ಷರವು ಅರೆಕೊರೆಯಾಗದೆ ಪೂರ್ಣವಾಗಿರುವುದು, ಸಾಲು ನೇರವಾಗಿರುವುದು, ಗಾತ್ರವು ಸಮವಾಗಿರುವುದು. ಇವುಗಳಲ್ಲಿ ಅಲಂಕಾರದ ಮಾತು ಒಂದೂ ಇಲ್ಲ. ನಾಲ್ಕೂ ಓದುವವನ ಅನುಕೂಲಕ್ಕಾಗಿ ಹುಟ್ಟಿದವು.

ಕೌಟಿಲ್ಯನು ಅರ್ಥಶಾಸ್ತ್ರದ ಶಾಸನಾಧಿಕಾರ ಪ್ರಕರಣದಲ್ಲಿ ಇದೇ ವಿಷಯವನ್ನು ದೋಷದ ಮುಖದಿಂದ ನಿರೂಪಿಸಿದ್ದಾನೆ. ರಾಜಶಾಸನದ ಬರಹದಲ್ಲಿ ಬರಬಾರದ ಐದು ದೋಷಗಳಲ್ಲಿ ಮೊದಲನೆಯದು ಅಕಾಂತಿ. ಎಂದರೆ ಓಲೆಯು ಕಪ್ಪಾಗಿ ಕೊಳಕಾಗಿರುವುದು, ಅಕ್ಷರಗಳು ಏರುಪೇರಾಗಿ ಬಣ್ಣಗೆಟ್ಟಿರುವುದು. ಐದನೆಯದು ಸಂಪ್ಲವ, ವಿಷಯವನ್ನು ಬಿಡಿಸಬೇಕಾದ ಕಡೆ ಬಿಡಿಸದೆ, ಬಿಡಿಸಬಾರದ ಕಡೆ ಬಿಡಿಸಿ ಬರೆಯುವುದು. ಮಕ್ಕಳ ಪುಸ್ತಕದ ಮಸಿಯ ಕಲೆಯನ್ನೂ, ಪರಿಚ್ಛೇದವಿಲ್ಲದ ಬರಹವನ್ನೂ ಕಂಡು ಬೇಸರಪಡುವ ಉಪಾಧ್ಯಾಯನು ಬಹಳ ಹಳೆಯ ಸಂಪ್ರದಾಯಕ್ಕೆ ಸೇರಿದವನೆಂದಾಯಿತು. ಅರ್ಥಶಾಸ್ತ್ರವು ಲೋಕಕ್ಕೆ ಮತ್ತೆ ದೊರೆತುದಾದರೂ ಒಬ್ಬ ಅಜ್ಞಾತ ಲಿಪಿಕಾರನ ಕೈಯಿಂದಲೇ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಗ್ರಂಥಲಿಪಿಯ ಓಲೆಗಳನ್ನು ಪಂಡಿತ ಆರ್. ಶಾಮಶಾಸ್ತ್ರಿಗಳು ಓದಿ ೧೯೦೯ರಲ್ಲಿ ಪ್ರಕಟಿಸಿದರು.

ಇನ್ನು ಕನ್ನಡನಾಡಿನ ಕೂಲಿಮಠಗಳ ಕಡೆಗೆ ಬರೋಣ. ಅಲ್ಲಿ ಬಾಲಕನು ಮೊದಲು ಮರಳಿನ ಮೇಲೆ ಬೆರಳಿನಿಂದ ಓನಾಮವನ್ನು ತಿದ್ದುತ್ತಿದ್ದನು. ಕೈ ಹದವಾದ ಮೇಲೆ ಹಲಗೆ ಬಳಪಗಳು ಬರುತ್ತಿದ್ದುವು. ಬೇಲೂರು ಹಳೇಬೀಡುಗಳ ದೇವಾಲಯಗಳಿಗೆ ಒದಗಿದ ಮೆತುವಾದ ಬಳಪದ ಕಲ್ಲಿನ ಜಾತಿಯೇ ಬಾಲಕರ ಬೆರಳುಗಳ ನಡುವೆಯೂ ಇದ್ದಿತೆಂಬುದು ಸ್ವಾರಸ್ಯವಾದ ಸಂಗತಿ. ಮುಂದೆ ಕಡತ, ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ ಮಡಿಸಿದ ಕರಿಯ ಪುಸ್ತಕ. ಬಳಪದಿಂದ ಬರೆದುದನ್ನು ಒರೆಸಿ, ಮತ್ತೆ ಮಸಿ ಬಳಿದು, ಮತ್ತೆ ಬರೆಯಬಹುದಾಗಿದ್ದಿತು. ಕಟ್ಟಕಡೆಯದು ತಾಳೆಗರಿ. ಅದರ ಮೇಲೆ ಕಂಠದಿಂದ ಕೊರೆದ ಗೀಟು ಅಳಿಯದು; ನೇರವಾಗಿ ಎಳೆದರೆ ಗರಿಯೇ ಸೀಳುವುದು. ಕನ್ನಡದ ಅಕ್ಷರಗಳು ದುಂಡಗಾದುದಕ್ಕೆ ಇದೂ ಒಂದು ಕಾರಣವೆಂದು ವಿದ್ವಾಂಸರು ಊಹಿಸಿರುವರು.

ಈ ಕ್ರಮದಲ್ಲಿ ಅಡಗಿದ್ದ ವಿವೇಕವನ್ನು ಗಮನಿಸತಕ್ಕದ್ದು. ಕಲಿಯುವವನಿಗೆ ಮೊದಲು ದೊರೆಯುತ್ತಿದ್ದುದು ಅಳಿಸಬಹುದಾದ ಸ್ಥಳ. ಅಳಿಸಲಾರದ ಸ್ಥಳವು ಬಲಿತ ಕೈಗೆ ಮಾತ್ರ. ಬಾಲಕನ ತಪ್ಪುಗಳನ್ನು ಮರಳು ಮರೆತುಬಿಡುತ್ತಿದ್ದಿತು. ದೊಡ್ಡವರೂ ಕರಡಿಗಾಗಿ ಹಲಗೆಯನ್ನೇ ಹಿಡಿಯುತ್ತಿದ್ದರೆಂಬುದಕ್ಕೆ ೧೫ನೆಯ ಶತಮಾನದ ಕುಮಾರವ್ಯಾಸನೇ ಸಾಕ್ಷಿ. ಹಲಗೆ ಬಳಪಗಳ ಹಂಗಿಲ್ಲದೆ, ಇಟ್ಟ ಪದವನ್ನು ಅಳಿಸದೆ ಕಾವ್ಯ ಬರೆದುದು ತನ್ನ ಹೆಚ್ಚುಗಾರಿಕೆಯೆಂದು ಅವನು ಭಾರತದ ಪೀಠಿಕೆಯಲ್ಲಿ ಹೇಳಿಕೊಂಡಿದ್ದಾನೆ. ಅಷ್ಟು ದೊಡ್ಡ ಕವಿಗೆ ಅದು ಹೆಮ್ಮೆಯಾಗಬೇಕಾದರೆ ಉಳಿದವರೆಲ್ಲರೂ ಬರೆದು ಅಳಿಸಿ ತಿದ್ದುವವರೇ ಆಗಿದ್ದರೆಂಬುದು ಸ್ಪಷ್ಟ.

ಆದರೆ ಕೂಲಿಮಠವನ್ನು ಹೊಗಳಿ ಮುಗಿಸುವುದು ನ್ಯಾಯವಾಗದು. ಅಲ್ಲಿ ಕೋದಂಡವೂ ಇದ್ದಿತು, ಬೆತ್ತವೂ ಇದ್ದಿತು. ಹೆಣ್ಣುಮಕ್ಕಳಿಗೂ ಅನೇಕ ಜಾತಿಗಳ ಮಕ್ಕಳಿಗೂ ಅದರ ಜಗಲಿಯು ಬಹುಮಟ್ಟಿಗೆ ದೂರವಾಗಿಯೇ ಇದ್ದಿತು. ಇದಲ್ಲದೆ, ಅಲ್ಲಿಂದ ಹೊರಬಿದ್ದು ಲೆಕ್ಕಪತ್ರದ ಉದ್ಯೋಗ ಹಿಡಿದವನ ಕೈಯಲ್ಲಿ ದುಂಡಕ್ಷರವು ಮೋಡಿಯಾಗುತ್ತಿದ್ದಿತು. ಲೆಕ್ಕಣಿಕೆಯನ್ನು ಎತ್ತದೆ ಅಕ್ಷರಕ್ಕೆ ಅಕ್ಷರವನ್ನು ಹೆಣೆದು ಓಡಿಸುವ ಆ ಬರಹವು ವೇಗಕ್ಕೆ ಅನುಕೂಲ. ಓದುವುದು ಮಾತ್ರ ಬಲ್ಲವರಿಗೇ ಮೀಸಲು. ಕನ್ನಡದಲ್ಲಿ ದನಕ್ಕೂ ಧನಕ್ಕೂ ಇರುವ ಭೇದವು ಅಕ್ಷರದ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಆ ಸೀಳು ಮಾಯವಾದ ಕಾಗದವನ್ನು ಹಿಡಿದು ನಿಂತ ರೈತನಿಗೆ, ತನ್ನ ಹೆಸರಿನಲ್ಲಿ ಬರೆದುದೇನೆಂದು ಬರೆದವನನ್ನೇ ಕೇಳಬೇಕಾಗುವುದು. ಓದಲಾಗದ ಬರಹವು ಬರೆದವನ ಕೈಗೆ ಅಧಿಕಾರವನ್ನು ಕೊಡುತ್ತದೆ. ಹೀಗಿರುವುದರಿಂದ ಸ್ಪಷ್ಟವಾದ ಬರಹವು ಬರಿಯ ಅಂದದ ವಿಷಯವಲ್ಲ, ನ್ಯಾಯದ ವಿಷಯವೂ ಹೌದು.

೧೯ನೆಯ ಶತಮಾನದಲ್ಲಿ ಮುದ್ರಣವು ಬಂದು ಅಕ್ಷರಕ್ಕೆ ಹೊಸ ಮಾದರಿಯನ್ನು ಒದಗಿಸಿತು. ಬಾಸೆಲ್ ಮಿಷನ್ನಿನವರು ೧೮೪೧ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ಹರ್ಮನ್ ಮೋಗ್ಲಿಂಗನು ೧೮೪೩ರಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿಯೇ ಹೊರಬಂದಿತು. ಕಲ್ಲಚ್ಚಿಗೆ ಮೂಲವು ಕೈಬರಹ; ಬರೆದವನ ಅಕ್ಷರವೇ ಪ್ರತಿಯೊಬ್ಬ ವಾಚಕನ ಮುಂದೆ ಹಾಜರಾಗುತ್ತಿದ್ದಿತು. ಮುಂದೆ ಎರಕದ ಮೊಳೆಗಳು ಬಂದು, ಊರಿಗೊಂದು ಬಗೆಯಾಗಿದ್ದ ಅಕ್ಷರದ ರೂಪವು ಒಂದಾಗುತ್ತ ಬಂದಿತು. ಹಳೆಯ ಶಾಸನಗಳು ಸಾಮಾನ್ಯವಾಗಿ ತೋರಿಸದೆ ಬಿಡುತ್ತಿದ್ದ ಎಕಾರ ಏಕಾರಗಳ, ಒಕಾರ ಓಕಾರಗಳ ಭೇದವು ಅಚ್ಚಿನ ಪುಸ್ತಕಗಳಲ್ಲಿ ನೆಲೆಗೊಂಡಿತು. ಮಗುವು ಗುರುವಿನ ಕೈಯನ್ನು ನೋಡಿ ತಿದ್ದುವುದಕ್ಕೆ ಬದಲಾಗಿ ಅಚ್ಚಿನ ಪುಸ್ತಕವನ್ನು ನೋಡಿ ತಿದ್ದತೊಡಗಿತು.

ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆಯು ೧೮೫೭ರಲ್ಲಿ ಸ್ಥಾಪಿತವಾಯಿತು. ೧೮೬೮ರಲ್ಲಿ ಬಿ. ಎಲ್. ರೈಸರು ಹೋಬಳಿಗೊಂದು ಶಾಲೆಯೆಂಬ ಯೋಜನೆಯನ್ನು ಮುಂದಿಟ್ಟರು. ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಜನಿಸಿದ ಈ ಮಹಾಶಯರೇ ಮುಂದೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಹೊರತಂದವರು. ಬೆಂಗಳೂರು ಜಿಲ್ಲೆಯ ಶಾಸನಗಳ ೯ನೆಯ ಸಂಪುಟವು ೧೯೦೫ರಲ್ಲಿ ಪ್ರಕಟವಾಯಿತು. ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸುವ ಏರ್ಪಾಡನ್ನೂ, ಹಳ್ಳಿಯ ಕಲ್ಲುಗಳ ಅಕ್ಷರವನ್ನು ಓದಿಸುವ ಕಾರ್ಯವನ್ನೂ ಒಬ್ಬರೇ ಕೈಗೊಂಡುದು ನಾಡಿನ ಸುದೈವ.

ಇದೇ ಕಾಲದಲ್ಲಿ ಇಂಗ್ಲೆಂಡಿನಿಂದ ಮತ್ತೊಂದು ಬಗೆಯ ಅಳತೆಗೋಲು ಬಂದಿತು. ಅಲ್ಲಿ ೧೮೬೨ರ ನಿಬಂಧನೆಯಂತೆ ಮಕ್ಕಳನ್ನು ಆರು ದರ್ಜೆಗಳಲ್ಲಿ ಪರೀಕ್ಷಿಸಿ, ತೇರ್ಗಡೆಯಾದವರ ಸಂಖ್ಯೆಯನ್ನು ನೋಡಿ ಶಾಲೆಗೆ ಹಣ ಕೊಡುತ್ತಿದ್ದರು. ಬರಹಕ್ಕೂ ದರ್ಜೆವಾರು ಅಳತೆಯಿದ್ದಿತು: ಒಂದನೆಯ ದರ್ಜೆಯವನು ಹೇಳಿದ ಅಕ್ಷರವನ್ನು ಸ್ಲೇಟಿನ ಮೇಲೆ ಬರೆಯಬೇಕು, ಎರಡನೆಯವನು ಅಚ್ಚಿನ ಒಂದು ಸಾಲನ್ನು ಕೈಬರಹದಲ್ಲಿ ಇಳಿಸಬೇಕು, ಮೂರನೆಯವನು ಒಂದೊಂದೇ ಪದವಾಗಿ ಹೇಳಿದ ವಾಕ್ಯವನ್ನು ಬರೆಯಬೇಕು. ಮದರಾಸು ಪ್ರಾಂತದಲ್ಲಿಯೂ ಫಲಿತಾಂಶಕ್ಕೆ ತಕ್ಕ ಸಹಾಯಧನದ ಪದ್ಧತಿಯು ಜಾರಿಗೆ ಬಂದಿತು. ಬಳ್ಳಾರಿಯೂ, ಕಾಸರಗೋಡನ್ನು ಒಳಗೊಂಡಿದ್ದ ದಕ್ಷಿಣ ಕನ್ನಡವೂ ಆಗ ಆ ಪ್ರಾಂತಕ್ಕೆ ಸೇರಿದ್ದುವು. ಅಳತೆಯು ಸ್ಪಷ್ಟವಾಗಿದ್ದಿತೆಂಬುದು ಅದರ ಗುಣ. ಆದರೆ ಉಪಾಧ್ಯಾಯನ ಅನ್ನವು ಮಗುವಿನ ಬೆರಳ ತುದಿಗೆ ತೂಗುಬಿದ್ದಿತು. ತಪಾಸಣೆಯ ದಿನಕ್ಕಾಗಿ ಅದೇ ಸಾಲನ್ನು ಮತ್ತೆ ಮತ್ತೆ ತಿದ್ದಿಸುವುದು ಪಾಠದ ಸ್ಥಾನವನ್ನು ಆಕ್ರಮಿಸಿತು. ಬರಹದ ಗುರಿಯು ಓದುವವನನ್ನು ಬಿಟ್ಟು ಪರೀಕ್ಷಿಸುವವನ ಕಡೆಗೆ ತಿರುಗಿತು. ೨೦ನೆಯ ಶತಮಾನದ ಆರಂಭದಲ್ಲಿ ಸರ್ಕಾರವೇ ಈ ಪದ್ಧತಿಯನ್ನು ಕೈಬಿಟ್ಟಿತು.

ಆ ಬಳಿಕ ಅಳತೆಗೋಲನ್ನು ಶಾಸ್ತ್ರೀಯವಾಗಿ ರೂಪಿಸುವ ಯತ್ನವು ಅಮೆರಿಕದಲ್ಲಿ ನಡೆಯಿತು. ಥಾರ್ನ್‌ಡೈಕನು ೧೯೧೦ರಲ್ಲಿ ಮಕ್ಕಳ ಬರಹದ ಮಾದರಿಗಳನ್ನು ಬಲ್ಲವರ ಅಭಿಪ್ರಾಯದಂತೆ ಕೀಳಿನಿಂದ ಮೇಲಿನವರೆಗೆ ಜೋಡಿಸಿ ಒಂದು ಪಟ್ಟಿಯನ್ನು ಪ್ರಕಟಿಸಿದನು. ೧೯೧೨ರಲ್ಲಿ ಏಯರ್ಸನು ಬೇರೊಂದು ಮಾರ್ಗ ಹಿಡಿದು, ಬರಹವನ್ನು ಓದುವುದಕ್ಕೆ ಎಷ್ಟು ಕಾಲ ಹಿಡಿಯುವುದೆಂದು ಅಳೆದು ಅದರಂತೆ ಮಾದರಿಗಳನ್ನು ಜೋಡಿಸಿದನು. ಒಬ್ಬನು ನೋಡುವವನ ಮೆಚ್ಚುಗೆಯನ್ನು ಅಳೆದನು, ಇನ್ನೊಬ್ಬನು ಓದುವವನ ಶ್ರಮವನ್ನು ಅಳೆದನು. ಮತ್ಸ್ಯಪುರಾಣದ ನಾಲ್ಕು ಗುಣಗಳಿಗೆ ಹತ್ತಿರವಾದುದು ಎರಡನೆಯದೇ.

ಮೆಚ್ಚುಗೆಯ ಅಳತೆಯಲ್ಲಿ ಅಪಾಯವೂ ಇದೆ. ಒಂದೇ ಪ್ರಬಂಧವನ್ನು ಅಂದವಾದ ಅಕ್ಷರದಲ್ಲಿಯೂ ಕೆಟ್ಟ ಅಕ್ಷರದಲ್ಲಿಯೂ ಬರೆಯಿಸಿ ಕೊಟ್ಟರೆ, ಪರೀಕ್ಷಕರು ಮೊದಲನೆಯದಕ್ಕೆ ಹೆಚ್ಚು ಅಂಕಗಳನ್ನು ಕೊಡುವರೆಂಬುದು ೨೦ನೆಯ ಶತಮಾನದ ಪ್ರಯೋಗಗಳಲ್ಲಿ ಮೇಲಿಂದ ಮೇಲೆ ಕಂಡುಬಂದಿತು. ಬುದ್ಧಿಗೆ ಸಲ್ಲಬೇಕಾದುದು ಬೆರಳಿಗೆ ಸಂದರೆ ಎಡಗೈಯಿಂದ ಬರೆಯುವ ಮಗುವಿಗೂ, ಬೆರಳಿನ ಹದ ತಡವಾಗಿ ಬರುವ ಮಗುವಿಗೂ ಅನ್ಯಾಯವಾಗುವುದು. ಮಹಾತ್ಮ ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಕೆಟ್ಟ ಅಕ್ಷರವು ಅಪೂರ್ಣ ಶಿಕ್ಷಣದ ಚಿಹ್ನೆಯೆಂದು ಹೇಳಿದ್ದು ಎಲ್ಲರಿಗೂ ನೆನಪಿರುವುದು. ಅದರ ಜೊತೆಯಲ್ಲಿಯೇ ಅವರು ಹೇಳಿದ ಪರಿಹಾರವನ್ನು ಮಾತ್ರ ಅನೇಕರು ಮರೆಯುವರು: ಮಗುವಿಗೆ ಮೊದಲು ಚಿತ್ರ ಬಿಡಿಸುವುದನ್ನು ಕಲಿಸಬೇಕು, ಅಕ್ಷರ ಬರೆಯಿಸುವುದು ಆಮೇಲೆ.

ಕರ್ನಾಟಕದ ಶಾಲೆಗಳು ಈ ಮಾರ್ಗಕ್ಕೆ ಸಮೀಪವಾಗಿ ನಡೆದುದೂ ಉಂಟು. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ನಾಡಿನಲ್ಲೆಲ್ಲ ಹರಡಿದ ನಲಿಕಲಿ ಪದ್ಧತಿಯಲ್ಲಿ ಅಕ್ಷರಗಳು ಅಕಾರಾದಿಯಾಗಿ ಬರುವುದಿಲ್ಲ. ರ, ಗ, ಸ, ದ, ಅ ಎಂಬ ಗುಂಪು ಮೊದಲಿಗೆ ಬರುತ್ತದೆ. ಸುಲಭವಾದ ಆಕಾರವು ಮುಂದೆ, ತೊಡಕಾದುದು ಹಿಂದೆ. ವರ್ಣಮಾಲೆಯ ಶಾಸ್ತ್ರಕ್ರಮವನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ತೋರಬಹುದು. ಶಾಸ್ತ್ರಕ್ರಮವು ನಾಲಗೆಗೆ ಹೇಳಿದುದು, ಇದು ಕೈಗೆ ಹೇಳಿದುದು ಎಂದುಕೊಂಡರೆ ವಿರೋಧವಿಲ್ಲ.

ಬೊಮ್ಮನಹಳ್ಳಿಯು ೨೦೦೭ರಲ್ಲಿ ಬೆಂಗಳೂರು ಮಹಾನಗರದೊಳಗೆ ಸೇರಿಹೋಯಿತು. ಕಾರ್ಖಾನೆಗಳಿಗೂ ಎಲೆಕ್ಟ್ರಾನಿಕ್ ಸಿಟಿಗೂ ದುಡಿಯಲು ಬಂದವರ ಮಕ್ಕಳು ಇಂತಹ ಊರಿನ ಶಾಲೆಗಳಲ್ಲಿ ಕನ್ನಡದವರೊಡನೆ ಒಂದೇ ಮಣೆಯ ಮೇಲೆ ಕುಳಿತುಕೊಳ್ಳುವರು. ಮನೆಯಲ್ಲಿ ಒಂದು ಭಾಷೆ, ಪುಸ್ತಕದಲ್ಲಿ ಮತ್ತೊಂದು ಲಿಪಿ. ದೊಡ್ಡವರ ಬರಹವೆಲ್ಲ ಕೀಲಿಮಣೆಗೆ ಹೋಗಿದ್ದರೂ ಚಿಕ್ಕ ಮಗುವಿಗೆ ಅಕ್ಷರದ ಪರಿಚಯವು ಕೈಯ ಮೂಲಕವೇ ಆಗಬೇಕಾಗಿದೆ. ಇಂತಹ ತರಗತಿಗೆ ಅಳತೆಗೋಲು ಸರಳವಾಗಿರಲಿ: ತಲೆಕಟ್ಟು, ಗುಡಿಸು, ಕೊಂಬು, ಒತ್ತು, ಸೀಳು ಯಾವುದೂ ಬಿಟ್ಟುಹೋಗದೆ ಅಕ್ಷರವು ಪೂರ್ಣವಾಗಿರಲಿ, ಸಾಲು ನೆಟ್ಟಗಿರಲಿ, ಗಾತ್ರ ಸಮವಾಗಿರಲಿ, ಪದಕ್ಕೂ ಪದಕ್ಕೂ ನಡುವೆ ಎಡೆಯಿರಲಿ, ಹಾಳೆಯ ಅಂಚು ಶುಭ್ರವಾಗಿರಲಿ. ಸಹಪಾಠಿಯೊಬ್ಬನು ಎಡವದೆ ಓದಬಲ್ಲನಾದರೆ ಆ ಬರಹವು ತೇರ್ಗಡೆಯಾಯಿತೆಂದು ತಿಳಿಯತಕ್ಕದ್ದು. ಮುತ್ತಿನ ಅಂದವು ಬಂದರೆ ಅದು ಲಾಭ. ಅಳಿಸಿ ಬರೆಯಲು ಸ್ಲೇಟನ್ನು ಮೊದಲು ಕೊಟ್ಟು, ಪುಸ್ತಕದ ಹಾಳೆಯನ್ನು ಆಮೇಲೆ ಕೊಡುವುದು ಲೇಸು.

ಹಾಳೆಯ ಮೇಲೆ ತಪ್ಪಾದರೆ ಬೈಗುಳಕ್ಕೆ ಕಾರಣವಿಲ್ಲ. ಅಳಿಸಲಾರದ ಗರಿಯ ಮೇಲೆ ಬರೆಯುತ್ತಿದ್ದ ಹಿಂದಿನ ಲಿಪಿಕಾರರೂ ಅಕ್ಷರವನ್ನು ಬಿಟ್ಟುಬಿಡುತ್ತಿದ್ದರು. ಆಗ ಅವರು ಬಿಟ್ಟ ಜಾಗದಲ್ಲಿ ಒಂದು ಸಣ್ಣ ಗುರುತನ್ನು ಹಾಕಿ, ಬಿಟ್ಟುದನ್ನು ಅಂಚಿನಲ್ಲಿಯೋ ಸಾಲಿನ ಮೇಲೆಯೋ ಅಚ್ಚುಕಟ್ಟಾಗಿ ಸೇರಿಸುತ್ತಿದ್ದರು. ತಪ್ಪನ್ನು ತಿದ್ದುವ ಆ ಗುರುತಿಗೆ ಹಿರಿಯರು ಇಟ್ಟ ಹೆಸರು ಹಂಸಪಾದ.