ಗದ್ದೆಯ ಪಾಚಿಯೂ ಯೂರಿಯಾ ಚೀಲವೂ

ಬೆಳ್ಳಿಹಬ್ಬದ ಸಂಚಿಕೆ ಅಂದ ಮೇಲೆ ಸಾಲ, ಠೇವಣಿ, ಡಿವಿಡೆಂಡಿನ ಚರಿತ್ರೆ ಇದ್ದೇ ಇರುತ್ತದೆ. ನಾವು ಇಲ್ಲಿ ಹೇಳಹೊರಟದ್ದು ನಮ್ಮ ಸಂಘದ ಗೋದಾಮಿಗಿಂತ ಎಷ್ಟೋ ಹಳೆಯದಾದ ಒಂದು ಗೊಬ್ಬರದ ಚರಿತ್ರೆ.

ಕಾರ್ತಿ ಬೆಳೆಗೆ ನೇಜಿ ನೆಟ್ಟು ಕೆಲವು ವಾರ ಕಳೆದರೆ ಬೈಲುಗದ್ದೆಯ ನೀರಿನಲ್ಲಿ ನೀಲಿ ಹಸಿರು ಬಣ್ಣದ ಲೋಳೆಯಂಥ ಪಾಚಿ ಕಾಣುವುದುಂಟು. ಉಡುಪಿ, ಕಾಪು, ಕಾರ್ಕಳದ ರೈತರಿಗೆ ಇದು ಹೊಸತಲ್ಲ. ಹೆಸರಿಗೆ ಇದು ಪಾಚಿ, ಜಾತಿಯಲ್ಲಿ ಬ್ಯಾಕ್ಟೀರಿಯಾ. ವಿಜ್ಞಾನಿಗಳು ಸೈನೋಬ್ಯಾಕ್ಟೀರಿಯಾ ಎನ್ನುತ್ತಾರೆ.

ನಮ್ಮ ಹಿರಿಯರು ಹಟ್ಟಿಗೊಬ್ಬರ, ಸೊಪ್ಪು, ಸುಡುಮಣ್ಣು ಹಾಕಿ ತಲೆತಲಾಂತರದಿಂದ ಅದೇ ಗದ್ದೆಯಲ್ಲಿ ಭತ್ತ ಬೆಳೆದರು. ಗದ್ದೆಯ ಸಾರ ಮುಗಿಯಲಿಲ್ಲ ಯಾಕೆ? ಇದಕ್ಕೆ ಒಂದು ಉತ್ತರ ಕೊಟ್ಟವರು ಪಿ. ಕೆ. ಡೇ. ನೀರು ನಿಂತ ಭತ್ತದ ಗದ್ದೆಗೆ ಸಾರಜನಕ ಒದಗಿಸುವುದರಲ್ಲಿ ಈ ಪಾಚಿಯ ಪಾಲು ದೊಡ್ಡದು ಎಂದು ಅವರು 1939ರಲ್ಲಿ ಪ್ರಕಟಿಸಿದರು. ಮುಂದೆ ಬನಾರಸಿನ ಆರ್. ಎನ್. ಸಿಂಗ್ 1950ರಲ್ಲಿ ಚೌಳು ನೆಲವನ್ನು ಪಾಚಿಯಿಂದ ಸುಧಾರಿಸುವ ಬಗ್ಗೆ ಬರೆದರು. ದೆಹಲಿಯ ಪೂಸಾ ಸಂಸ್ಥೆಯ ಜಿ. ಎಸ್. ವೆಂಕಟರಾಮನ್ ಅವರು ರೈತನೇ ತೊಟ್ಟಿಯಲ್ಲಿ ಮಣ್ಣು, ನೀರು, ಸೂಪರ್ ಫಾಸ್ಫೇಟ್ ಹಾಕಿ ಪಾಚಿ ಬೆಳೆಸುವ ಕ್ರಮ ತೋರಿಸಿಕೊಟ್ಟರು.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಉಂಟು. ಆದರೆ ಪೈರಿಗೆ ಅದನ್ನು ಹಾಗೇ ತಿನ್ನಲಿಕ್ಕೆ ಬರುವುದಿಲ್ಲ. ಪಾಚಿ ಅದನ್ನು ಅಮೋನಿಯಾ ಮಾಡಿಕೊಳ್ಳುತ್ತದೆ. ಈ ಕೆಲಸ ಮಾಡುವ ನೈಟ್ರೊಜಿನೇಸ್ ಎಂಬ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಅದು ಕೆಟ್ಟು ಹೋಗುತ್ತದೆ. ಅದಕ್ಕೇ ನಾಸ್ಟಾಕ್, ಅನಬೀನ ಜಾತಿಯ ಪಾಚಿಗಳ ಸರದಲ್ಲಿ ಸುಮಾರು ಹತ್ತು ಹದಿನೈದು ಕೋಶಕ್ಕೊಂದು ದಪ್ಪ ಗೋಡೆಯ ಕೋಶ ಇರುತ್ತದೆ. ಹೆಟೆರೊಸಿಸ್ಟ್ ಎಂದು ಅದರ ಹೆಸರು. ಒಳಗೆ ಆಮ್ಲಜನಕ ಸೇರದಂತೆ ಅದು ಬಾಗಿಲು ಹಾಕಿಕೊಂಡು ದುಡಿಯುತ್ತದೆ. ಅಕ್ಕಪಕ್ಕದ ಕೋಶಗಳು ಅದಕ್ಕೆ ಸಕ್ಕರೆ ಕೊಡುತ್ತವೆ, ಅದು ಅವುಗಳಿಗೆ ಸಾರಜನಕ ಕೊಡುತ್ತದೆ. ಇದೂ ಒಂದು ಸಹಕಾರಿ ಸಂಘವೇ ಅಲ್ವಾ! ಪಾಚಿ ಸತ್ತು ಕೊಳೆತಾಗ ಆ ಸಾರ ಪೈರಿಗೆ ಸಿಗುತ್ತದೆ.

ಇದೇ ಅಮೋನಿಯಾವನ್ನು 1913ರಿಂದ ಜರ್ಮನಿಯಲ್ಲಿ ಕಾರ್ಖಾನೆಯೊಳಗೆ ಭಾರೀ ಶಾಖ, ಒತ್ತಡ ಕೊಟ್ಟು ಮಾಡತೊಡಗಿದರು. ನಮ್ಮ ಪಣಂಬೂರಿನಲ್ಲೂ ಯೂರಿಯಾ ಕಾರ್ಖಾನೆ ಬಂತು. ಯೂರಿಯಾದಿಂದ ಇಳುವರಿ ಹೆಚ್ಚಿದ್ದು ಸತ್ಯ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಒಂದು ಮಾತು ನಾವೆಲ್ಲ ಗಮನಿಸಬೇಕು. ನೀರಿನಲ್ಲಿ ಅಮೋನಿಯಾ ಧಾರಾಳ ಇದ್ದರೆ ಪಾಚಿ ಗಾಳಿಯ ಸಾರಜನಕಕ್ಕೆ ಕೈ ಹಾಕುವುದೇ ಇಲ್ಲ. ಕುಳಿತಲ್ಲಿಗೆ ಊಟ ಬಂದರೆ ದುಡಿಯುವವರು ಯಾರು?

ಅನುಕೂಲ ಇದ್ದರೆ ಪಾಚಿ ಹೆಕ್ಟೇರಿಗೆ 20ರಿಂದ 30 ಕಿಲೋ ಸಾರಜನಕ ಕೊಡುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಅಂದರೆ ಎಕರೆಗೆ 45 ಕಿಲೋ ಯೂರಿಯಾ ಚೀಲದ ಸುಮಾರು ಅರ್ಧ. ನಮ್ಮ ಕರಾವಳಿಯಲ್ಲಿ ಎರಡು ತೊಡಕುಂಟು. ನಮ್ಮ ಮುರಕಲ್ಲು ಮಣ್ಣು ಹುಳಿ, ರಂಜಕವೂ ಕಡಿಮೆ. ಪಾಚಿಗೆ ಹುಳಿ ಮಣ್ಣು ಹಿಡಿಸುವುದಿಲ್ಲ. ಜಡಿಮಳೆಗೆ ಹುಣಿ ಕಡಿದರೆ ಪಾಚಿ, ಗೊಬ್ಬರ ಎರಡೂ ತೋಡಿಗೆ. ಆದ್ದರಿಂದ ಸುಣ್ಣ, ರಂಜಕದ ಗೊಬ್ಬರ, ಗಟ್ಟಿ ಹುಣಿ ಈ ಮೂರೂ ಬೇಕು.

ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೆ. ಯೂರಿಯಾ ಬಿಡಿ ಎಂದು ನಾವು ಹೇಳುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದವರ ಸಲಹೆ ಕೇಳಿ, ಒಂದೇ ಒಂದು ಗದ್ದೆಯಲ್ಲಿ ಯೂರಿಯಾ ತಗ್ಗಿಸಿ ಪಾಚಿ ಹಾಕಿ ನೋಡಿ. ಪಕ್ಕದ ಗದ್ದೆಯ ಭತ್ತವನ್ನೂ ತೂಕ ಮಾಡಿ. ಲೆಕ್ಕವನ್ನು ಸಂಘದ ಮಹಾಸಭೆಗೆ ತನ್ನಿ. ಲಾಭವೋ ನಷ್ಟವೋ ಎಲ್ಲರೂ ಕೂತು ನೋಡುವ.