ಒಪ್ಪ, ಸಹಿ, ರುಜು

ಹೋದ ವರ್ಷ ನಮ್ಮ ಕಾಲೇಜಿನಿಂದ ವಿದ್ಯಾರ್ಥಿವೇತನದ ಪಟ್ಟಿಯೊಂದು ಹೊರಟಿತು. ಈಗ ಪಟ್ಟಿ ಹೊರಡುವುದೆಂದರೆ ಕಾಗದ ಮೇಜಿನಿಂದ ಮೇಜಿಗೆ ನಡೆಯುವುದಲ್ಲ. ಗುಮಾಸ್ತರು ಕಂಪ್ಯೂಟರಿನಲ್ಲಿ ಕರಡನ್ನು ಸಿದ್ಧಮಾಡುತ್ತಾರೆ. ಅದು ಪರಿಶೀಲಕರ ಪರದೆಗೆ ಬರುತ್ತದೆ. ಅವರು ಸರಿಯೆಂದರೆ ಅನುಮೋದಿಸುವವರ ಬಳಿಗೆ ಹೋಗುತ್ತದೆ, ಅಲ್ಲವೆಂದರೆ ಷರಾ ಹೊತ್ತುಕೊಂಡು ಗುಮಾಸ್ತರ ಬಳಿಗೇ ಹಿಂತಿರುಗುತ್ತದೆ. ಕಡೆಯ ಒಪ್ಪಿಗೆ ಬಿದ್ದ ಮೇಲೆ ಆ ಪ್ರತಿಗೆ ಬೀಗ ಬೀಳುತ್ತದೆ, ಒಂದಕ್ಷರವನ್ನೂ ತಿದ್ದುವಂತಿಲ್ಲ. ತಿದ್ದಲೇಬೇಕಾದರೆ ಹೊಸ ಕರಡು, ಮತ್ತೆ ಮೊದಲಿನಿಂದ ಅದೇ ಮೆಟ್ಟಿಲುಗಳು. ನಾನು ಕನ್ನಡ ಅಧ್ಯಾಪಕ. ಕಾಗುಣಿತ ಬಲ್ಲವನೆಂಬ ಕಾರಣದಿಂದಲೋ ಏನೋ, ಎರಡನೆಯ ಮೆಟ್ಟಿಲಿನಲ್ಲಿ ಪರಿಶೀಲಕನಾಗಿ ನನ್ನನ್ನು ಕೂರಿಸಿದ್ದರು.

ಆ ಸಂಜೆ ಬಸ್ಸಿನ ಹೊತ್ತಾಗಿದ್ದಿತು. ಪಟ್ಟಿಯಲ್ಲಿ ನೂರಾರು ಹೆಸರುಗಳು. ಗುಮಾಸ್ತರು ಹಳಬರು, ಎಚ್ಚರಿಕೆಯವರು; ಮೇಲಿನವರಂತೂ ಹೇಗೂ ಇನ್ನೊಮ್ಮೆ ನೋಡುತ್ತಾರೆ. ಗುಂಡಿಯನ್ನು ಒತ್ತಿ ಎದ್ದುಬಿಟ್ಟೆ. ಮೇಲಿನವರು, ಕೆಳಗೆ ಇಬ್ಬರು ನೋಡಿದ್ದಾರಲ್ಲ ಎಂದು ತಾವೂ ಒತ್ತಿದರು. ಎರಡು ತಿಂಗಳಾದ ಮೇಲೆ ಎರಡನೆಯ ವರ್ಷದ ಬಿ.ಎ. ತರಗತಿಯ ಹುಡುಗಿಯೊಬ್ಬಳು ನನ್ನ ಕೊಠಡಿಯ ಬಾಗಿಲಲ್ಲಿ ನಿಂತಿದ್ದಳು. ಪಟ್ಟಿಯಲ್ಲಿ ಅವಳ ಹೆಸರಿಗೆ ಒಂದಕ್ಷರ ಹೆಚ್ಚಾಗಿ ಸೇರಿಕೊಂಡಿತ್ತು. ಬ್ಯಾಂಕಿನ ಹೆಸರಿಗೂ ಅದಕ್ಕೂ ತಾಳೆಯಾಗದೆ ಹಣ ಬಂದಿರಲಿಲ್ಲ. ಹಾಸ್ಟೆಲಿನ ಬಾಕಿ ಮಾತ್ರ ಬೆಳೆಯುತ್ತಿತ್ತು. "ಸರ್, ಇದಕ್ಕೆ ನೀವೇ ಒಪ್ಪಿಗೆ ಕೊಟ್ಟಿದ್ದೀರಿ ಅಂತ ಆಫೀಸಿನಲ್ಲಿ ಹೇಳಿದರು" ಎಂದಳು. ದೂರುವ ದನಿಯಲ್ಲ, ಕೇಳಿಕೊಂಡು ಹೋಗಲು ಬಂದವಳ ದನಿ. ತೆರೆದು ನೋಡಿದೆ. ನನ್ನ ಹೆಸರು, ತಾರೀಖು, ಗಂಟೆ, ನಿಮಿಷ, ಎಲ್ಲವೂ ಅಲ್ಲಿದ್ದವು.

ಒಪ್ಪಿಗೆ ಎಂಬ ಮಾತು ಆ ರಾತ್ರಿಯೆಲ್ಲ ನನ್ನನ್ನು ಕಾಡಿತು. ಇಪ್ಪತ್ತು ವರ್ಷಗಳಿಂದ ಹಳಗನ್ನಡವನ್ನೂ ಶಾಸನಗಳನ್ನೂ ಪಾಠ ಹೇಳುತ್ತಿರುವವನಿಗೆ ಅದು ಹೊಸ ಮಾತೇನಲ್ಲ. ನಮ್ಮ ಹಳೆಯ ಶಾಸನಗಳಲ್ಲಿ ಸಹಿಗೆ ಇರುವ ಹೆಸರೇ 'ಒಪ್ಪ.' ಒಪ್ಪು ಎಂಬ ಧಾತುವಿನಿಂದ ಬಂದದ್ದು. ದಾನ ಕೊಟ್ಟವನು, ಭೂಮಿಯನ್ನು ಮಾರಿದವನು, ಅಗ್ರಹಾರದ ಮಹಾಜನರು, ಇವರೆಲ್ಲ ಶಾಸನದ ಕೊನೆಯಲ್ಲಿ ತಮ್ಮ ಸ್ವಹಸ್ತದ ಒಪ್ಪವನ್ನು ಹಾಕುತ್ತಾರೆ. ಕಲ್ಲಿನ ಮೇಲೆ ಸ್ವಹಸ್ತವೆಲ್ಲಿಂದ ಬಂದಿತು ಎಂದು ನನ್ನ ವಿದ್ಯಾರ್ಥಿಗಳು ಕೇಳುವುದುಂಟು. ಕಲ್ಲಿನ ಮೇಲಿರುವುದು ನಕಲು. ಮೊದಲು ಓಲೆಯ ಮೇಲೆ ಬರೆದದ್ದನ್ನು ಆಮೇಲೆ ರೂವಾರಿ ಕಂಡರಿಸುತ್ತಿದ್ದನು. ಸೇನಬೋವ ಬರೆದನು, ಸಾಕ್ಷಿಗಳು ನಿಂತರು, ಒಡೆಯನು ಒಪ್ಪಿದನು, ರೂವಾರಿ ಕೆತ್ತಿದನು: ಈ ನಾಲ್ವರ ಹೆಸರೂ ಒಂದೇ ಕಲ್ಲಿನಲ್ಲಿ ಸಿಕ್ಕುವುದು ನಮ್ಮ ನಾಡಿನಲ್ಲಿ ಅಪರೂಪವಲ್ಲ.

ವಿಜಯನಗರದ ತಾಮ್ರಶಾಸನಗಳಲ್ಲಿ ಇದರ ಸೊಗಸು ಇನ್ನೂ ಹೆಚ್ಚು. ಕೃಷ್ಣದೇವರಾಯ, ಅಚ್ಯುತರಾಯರ ಹಲವು ಶಾಸನಗಳ ಪದ್ಯಗಳನ್ನು ರಚಿಸಿದವನು ಸಭಾಪತಿ. ತಗಡಿನ ಮೇಲೆ ಕೆತ್ತಿದವನು ವೀರಣಾಚಾರ್ಯ. ಭಾಷೆ ಸಂಸ್ಕೃತ, ಲಿಪಿ ನಂದಿನಾಗರಿ. ಪುಟಗಟ್ಟಲೆ ವಂಶಾವಳಿ, ಗಡಿಗಳ ವಿವರ, ದಾನವನ್ನು ಅಪಹರಿಸಿದವನಿಗೆ ಶಾಪ. ಎಲ್ಲ ಮುಗಿದ ಮೇಲೆ, ಇಷ್ಟು ಹೊತ್ತು ಇಲ್ಲದ ಕನ್ನಡ ಅಕ್ಷರಗಳು ದಪ್ಪವಾಗಿ ಎದ್ದು ನಿಲ್ಲುತ್ತವೆ: ಶ್ರೀ ವಿರೂಪಾಕ್ಷ. ಅರಸನ ಒಪ್ಪ ಅದೇ. ತನ್ನ ಹೆಸರಲ್ಲ, ರಾಜ್ಯದ ಒಡೆಯನೆಂದು ತಾನು ಒಪ್ಪಿಕೊಂಡ ದೇವರ ಹೆಸರು. ಕೆಳದಿಯ ನಾಯಕರು 'ಶ್ರೀ ಸದಾಶಿವ' ಎಂದು ಹಾಕಿದರು. ಟಿಪ್ಪು ಸುಲ್ತಾನನು 'ನಬಿ ಮಾಲಿಕ್' ಎಂದನು. ಮುಮ್ಮಡಿ ಕೃಷ್ಣರಾಜ ಒಡೆಯರು 'ಶ್ರೀ ಕೃಷ್ಣ' ಎಂದು ಬರೆದರು. ಒಪ್ಪುವ ಕೈಯ ಮೇಲೂ ಇನ್ನೊಂದು ಕಣ್ಣಿದೆ ಎಂಬ ಅಂಜಿಕೆ ಆ ಅಕ್ಷರಗಳಲ್ಲಿ ನನಗೆ ಕಾಣುತ್ತದೆ. ಬಸ್ಸು ತಪ್ಪೀತೆಂದು ಗುಂಡಿ ಒತ್ತಿದವನಿಗೆ ಹೀಗೆ ಕಾಣುವುದು ಸಹಜವೂ ಹೌದು.

ಒಪ್ಪಕ್ಕೆ ಮುಂಚೆ ಏನೇನು ನಡೆಯಬೇಕೆಂಬುದನ್ನು ನಮ್ಮ ನಾಡಿನಲ್ಲೇ ಕುಳಿತು ವಿವರಿಸಿದವನು ವಿಜ್ಞಾನೇಶ್ವರ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದನಲ್ಲ, ಆ ಕಾಲದವನು. ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದವನು. ರಾಜಶಾಸನವನ್ನು ಯಾರು ಬೇಕಾದರೂ ಬರೆಯುವಂತಿಲ್ಲ. ಸಂಧಿವಿಗ್ರಹಿಯು ರಾಜನಿಂದಲೇ ಸ್ವತಃ ಆಜ್ಞೆಯನ್ನು ಪಡೆದು ಬರೆಯಬೇಕು. ಕೊಡುವವನ ವಂಶ, ಕೊಟ್ಟದ್ದರ ಅಳತೆ, ಎಲ್ಲೆ ಇರಬೇಕು. ರಾಜನ ಹಸ್ತಾಕ್ಷರ, ಮುದ್ರೆ, ಕಾಲ ಇವಿಷ್ಟೂ ಇದ್ದರೆ ಅದು ಶಾಸನ. ಇಷ್ಟೆಲ್ಲ ಏಕೆ? ಮುಂದೆ ಬರುವ ಒಳ್ಳೆಯ ಅರಸರಿಗೆ ತಿಳಿಯಲೆಂದು ಎಂಬುದು ಸ್ಮೃತಿಯ ಉತ್ತರ. ಒಪ್ಪ ಹಾಕುವವನು ಎದುರಿಗೆ ನಿಂತವನಿಗಾಗಿ ಹಾಕುವುದಿಲ್ಲ. ಇನ್ನೂ ಹುಟ್ಟದವನೊಬ್ಬನು ಬಂದು ಓದಿಯಾನು ಎಂದು ಹಾಕುತ್ತಾನೆ.

ಸಾಲಪತ್ರದ ವಿಷಯದಲ್ಲಂತೂ ಸ್ಮೃತಿಕಾರರ ವ್ಯವಹಾರಜ್ಞಾನಕ್ಕೆ ತಲೆದೂಗಬೇಕು. ಪತ್ರವನ್ನು ಲೇಖಕನು ಬರೆದು ಮುಗಿಸಿದ ಮೇಲೆ ಸಾಲಗಾರನು ತನ್ನ ಕೈಯಿಂದಲೇ, ಮೇಲೆ ಬರೆದದ್ದು ಇಂಥವನ ಮಗನಾದ ನನಗೆ ಸಮ್ಮತ ಎಂದು ಬರೆಯಬೇಕು. ಸಾಕ್ಷಿಗಳು ತಂದೆಯ ಹೆಸರಿನೊಡನೆ ತಮ್ಮ ಹೆಸರನ್ನು ಬರೆಯಬೇಕು. ಕಟ್ಟಕಡೆಗೆ ಲೇಖಕನು, ಇಬ್ಬರೂ ಕೇಳಿದ್ದರಿಂದ ಇದನ್ನು ನಾನು ಬರೆದೆ ಎಂದು ತನ್ನ ಹೆಸರನ್ನು ಸೇರಿಸಬೇಕು. ಅಕ್ಷರ ಬಾರದ ಸಾಲಗಾರನಾದರೆ? ತನ್ನ ಸಮ್ಮತಿಯನ್ನು ಬೇರೊಬ್ಬನ ಕೈಯಿಂದ ಬರೆಯಿಸಬೇಕು. ಓದಲಾರದವನ ಒಪ್ಪಿಗೆಯನ್ನೂ ಪಡೆಯದೆ ಬಿಡುವಂತಿಲ್ಲ. ಇನ್ನು ರಾಜಶಾಸನವನ್ನು ಕೊಟ್ಟ ಆಜ್ಞೆಗಿಂತ ಕಡಮೆಯಾಗಿಯೋ ಹೆಚ್ಚಾಗಿಯೋ ಬರೆದವನಿಗೆ ಉತ್ತಮಸಾಹಸವೆಂಬ ದಂಡ. ಯಾಜ್ಞವಲ್ಕ್ಯನ ಲೆಕ್ಕದಲ್ಲಿ ಅದು 1080 ಪಣ. ಒಂದಕ್ಷರ ಹೆಚ್ಚಾದ ಪಟ್ಟಿಯನ್ನು ದಾಟಿಸಿದ ನಾನು ಈ ಶ್ಲೋಕವನ್ನು ಮತ್ತೊಮ್ಮೆ ಓದಿ ಪುಸ್ತಕವನ್ನು ಮುಚ್ಚಿಟ್ಟೆ.

ಒಪ್ಪ ಎಂಬ ಮಾತು ಈಗ ಶಾಸನದ ಪುಟಗಳಲ್ಲಿ ಉಳಿದುಕೊಂಡಿದೆ. ಕಚೇರಿಯ ಕನ್ನಡದಲ್ಲಿ ಅದರ ಜಾಗಕ್ಕೆ ಸಹಿ, ರುಜು, ಮಂಜೂರು ಎಂಬ ಮಾತುಗಳು ಬಂದು ಕುಳಿತವು. ಅರಬ್ಬಿ ಮೂಲದ ಈ ಮಾತುಗಳು ಪಾರಸಿ ದಫ್ತರಗಳ ಮೂಲಕ, ಬಹಮನಿ ಆದಿಲಶಾಹಿಗಳ ಕಾಲದಿಂದಲೂ, ಆಮೇಲೆ ಮರಾಠಿ ಗುಮಾಸ್ತರ ಕೈಯಿಂದಲೂ ನಮ್ಮಲ್ಲಿಗೆ ಇಳಿದವು. ಇವೆಲ್ಲ ಒಂದೇ ಎಂದು ನಾವು ತಿಳಿದಿದ್ದೇವೆ. ಮೂಲದಲ್ಲಿ ಹಾಗಿಲ್ಲ. 'ಸಹಿ' ಎಂದರೆ ಸಹೀಹ್: ಇದು ಸರಿಯಾಗಿದೆ, ತಪ್ಪಿಲ್ಲ. 'ರುಜು' ಎಂದರೆ ಮೂಲಕ್ಕೆ ಹಿಂತಿರುಗುವುದು. ದಫ್ತರದ ಬಳಕೆಯಲ್ಲಿ, ಮೂಲದೊಡನೆ ತಾಳೆ ನೋಡಿದ್ದಾಯಿತು ಎಂದು. ಸಂಸ್ಕೃತದ ಋಜುವಿಗೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಹುಡುಗರು ಶುದ್ಧಿಯ ಭ್ರಮೆಯಿಂದ 'ಋಜು ಹಾಕಿ' ಎಂದು ಬರೆಯುತ್ತಾರೆ, ಅಷ್ಟೆ. 'ಮಂಜೂರು' ಎಂಬುದು ನಜರ್ ಎಂಬ ಮಾತಿನ ನಂಟ. ನೋಡಲ್ಪಟ್ಟದ್ದು ಎಂದು ಅರ್ಥ. ಹಾಗಾದರೆ ಒಬ್ಬನು ಮೂಲದೊಡನೆ ತಾಳೆ ನೋಡಿದನು, ಒಬ್ಬನು ಸರಿಯೆಂದನು, ಒಬ್ಬನು ಕಣ್ಣಾರೆ ಕಂಡನು, ಒಬ್ಬನು ಒಪ್ಪಿದನು. ನಾಲ್ಕು ಕೆಲಸಗಳು. ಇಂದು ನಾಲ್ಕಕ್ಕೂ ಒಂದೇ ಗೀಚು.

ಈ ಕೆಲಸಗಳು ಬೇರೆ ಬೇರೆ ಕೈಗಳಲ್ಲಿ ಹೇಗೆ ನಡೆಯುತ್ತಿದ್ದುವೆಂದು ತಿಳಿಯಲು ಆ ಪಾರಸಿ ದಫ್ತರಗಳಲ್ಲೇ ದೊಡ್ಡದಾದ ಅಕ್ಬರನ ದಫ್ತರಕ್ಕೆ ಹೋಗಬೇಕು. ಅಬುಲ್ ಫಜಲನು 'ಐನ್-ಇ-ಅಕ್ಬರಿ'ಯಲ್ಲಿ ಅದನ್ನು ಬಿಡಿಸಿ ಹೇಳಿದ್ದಾನೆ. ವಾಕಿಯಾನವೀಸರು, ಎಂದರೆ ನಡೆದದ್ದನ್ನು ಬರೆದಿಡುವವರು, ಹದಿನಾಲ್ಕು ಜನ. ದಿನಕ್ಕೆ ಇಬ್ಬರ ಸರದಿ. ಯಾರಾದರೂ ಬರಲಾಗದಿದ್ದರೆ ನಿಲ್ಲಲು ಬೇರೆ ಬದಲಿ ಜನ. ಬಾದಶಹನು ಏನು ಹೇಳಿದನು, ಏನು ಉಂಡನು, ಎಂದು ಎದ್ದನು, ಯಾರಿಗೆ ಏನು ಕೊಟ್ಟನು ಎಲ್ಲವನ್ನೂ ಅವರು ದಿನಚರಿಯಲ್ಲಿ ಬರೆಯಬೇಕು. ಆ ಬರಹವನ್ನು ಆಸ್ಥಾನಿಕನೊಬ್ಬನು ತಿದ್ದುತ್ತಾನೆ. ತಿದ್ದಿದ್ದು ಬಾದಶಹನ ಮುಂದೆ ಹೋಗಿ ಅವನ ಒಪ್ಪಿಗೆಯನ್ನು ಪಡೆಯುತ್ತದೆ. ಅಲ್ಲಿಗೆ ಮುಗಿಯಿತೆಂದು ನಾವು ತಿಳಿಯುತ್ತೇವೆ, ಅಲ್ಲಿಂದ ಪ್ರಾರಂಭ.

ಬೇಕಾದವರಿಗೆ ಬೇಕಾದ ಆಜ್ಞೆಯನ್ನು ಲೇಖಕನು ಪ್ರತಿಮಾಡಿ ತನ್ನ ಅಂಕಿತವನ್ನು ಹಾಕುತ್ತಾನೆ. ಅದಕ್ಕೆ ಪರವಾನಚಿಯೂ, ಅರ್ಜಿಗಳ ಅಧಿಕಾರಿಯಾದ ಮೀರ್ ಅರ್ಜ್‌ನೂ, ವಿಷಯವನ್ನು ಬಾದಶಹನ ಮುಂದಿಟ್ಟವನೂ ತಮ್ಮ ತಮ್ಮ ಅಂಕಿತವನ್ನು ಹಾಕುತ್ತಾರೆ. ಈಗ ಅದು 'ಯಾದ್‌ದಾಸ್ತ್.' ನಮ್ಮ 'ಯಾದಿ'ಯಲ್ಲಿರುವುದೂ ನೆನಪೆಂಬ ಅರ್ಥದ ಅದೇ 'ಯಾದ್.' ಅದು ಇನ್ನೊಂದು ಗುಂಪಿನ ಲೇಖಕರ ಕೈಗೆ ಹೋಗುತ್ತದೆ: ಅಕ್ಷರ ದುಂಡಗಿರಬೇಕು, ಶೈಲಿ ತಿಳಿಯಾಗಿರಬೇಕು. ಅವರು ಯಾದ್‌ದಾಸ್ತನ್ನು ತಮ್ಮಲ್ಲೇ ಇಟ್ಟುಕೊಂಡು ಅದರ ಸಾರಾಂಶವನ್ನು ಬರೆದು ಕೊಡುತ್ತಾರೆ. ಆ ಸಾರಾಂಶಕ್ಕೆ ವಾಕಿಯಾನವೀಸ, ರಿಸಾಲೆದಾರ, ಮೀರ್ ಅರ್ಜ್, ದಾರೋಗಾ ಇವರ ಅಂಕಿತವೂ ಮೊಹರೂ ಬೀಳಬೇಕು. ಅದೇ 'ತಾಲೀಕ.' ಅದರ ಮೇಲೆ ಮಂತ್ರಿಗಳ ಮೊಹರು. ಜಹಗೀರಿನಂಥ ದೊಡ್ಡ ವಿಷಯವಾದರೆ ಇದಾದ ಮೇಲೆ ಫರ್ಮಾನು.

ಓದುವವರಿಗೆ ನಗು ಬಂದೀತು. ನನಗೂ ಮೊದಲು ಬಂದಿತ್ತು. ಆದರೆ ಮೂಲವನ್ನು ಹಿಡಿದಿಟ್ಟುಕೊಂಡು ಸಾರಾಂಶವನ್ನು ಮಾತ್ರ ಹೊರಗೆ ಬಿಡುವ ಜಾಣತನವನ್ನು ನೋಡಿ. ಹೊರಗೆ ಹೋದ ಕಾಗದದಲ್ಲಿ ಯಾರಾದರೂ ಒಂದು ಸೊನ್ನೆಯನ್ನು ಸೇರಿಸಿದರೆ ಒಳಗಿನ ಕಾಗದ ಸುಳ್ಳು ಹೇಳುವುದಿಲ್ಲ. ಯಾರೂ ಅನ್ಯಾಯವಾಗಿ ಹೆಚ್ಚಿಸಬಾರದು, ತಗ್ಗಿಸಬಾರದು ಎಂಬುದೇ ಬಾದಶಹನ ಉದ್ದೇಶವೆಂದು ಅಬುಲ್ ಫಜಲನೂ ಹೇಳುತ್ತಾನೆ. ಹೆಚ್ಚು ಕಡಮೆ ಎಂಬ ಜೋಡಿಯ ಮೇಲೆ ಸ್ಮೃತಿಕಾರನ ಕಣ್ಣೂ ಇತ್ತು, ಈ ಮೊಗಲ ಮುತ್ಸದ್ದಿಯ ಕಣ್ಣೂ ಇತ್ತು. ತಡಮಾಡುವಂತಿಲ್ಲದ, ಗುಟ್ಟಾಗಿರಬೇಕಾದ ವಿಷಯಗಳಿಗೆ ಒಳದಾರಿಯೊಂದನ್ನೂ ಅವರು ಬಿಟ್ಟಿದ್ದರು: ಬಯಾಜಿ ಫರ್ಮಾನು. ಅದಕ್ಕೆ ಬಾದಶಹನ ಮೊಹರೊಂದೇ ಸಾಕು. ಮಡಿಸಿ, ಅಂಟು ಹಾಕಿ, ಬಂಗಾರದ ಚೀಲದಲ್ಲಿಟ್ಟು ಕಳುಹಿಸುವುದು. ಒಳದಾರಿಯಿಲ್ಲದ ಕಚೇರಿ ಜಗತ್ತಿನಲ್ಲಿ ಎಂದೂ ಇದ್ದಂತಿಲ್ಲ!

ಶಿವಾಜಿಯ ದಫ್ತರದವರು ಇನ್ನೊಂದು ಉಪಾಯವನ್ನು ಕಂಡುಕೊಂಡರು. ಪತ್ರದ ಕೊನೆಯ ಸಾಲು ಮುಗಿದೊಡನೆ 'ಮರ್ಯಾದೆಯಂ ವಿರಾಜತೇ' ಎಂಬ ಪುಟ್ಟ ಮುದ್ರೆ. ಮರ್ಯಾದೆ ಎಂದರೆ ಇಲ್ಲಿ ಎಲ್ಲೆ. ಇದರ ಕೆಳಗೆ ಬರೆದದ್ದು ನನ್ನದಲ್ಲ ಎಂದು ಅರ್ಥ.

ಮೈಸೂರಿಗೆ ಈ ಗಾಳಿ ಬೀಸಿದ್ದು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ. ಅವರು ಔರಂಗಜೇಬನ ಬಳಿಗೆ ಕಳುಹಿಸಿದ ರಾಯಭಾರ 1700ರಲ್ಲಿ ಮರಳಿ ಬಂದಿತು. ಅಲ್ಲಿ ಕಂಡುಬಂದದ್ದನ್ನು ಅನುಸರಿಸಿ ಹದಿನೆಂಟು ಕಚೇರಿಗಳನ್ನು ಏರ್ಪಡಿಸಿದರೆಂದು ವಿಲ್ಕ್ಸ್ ಬರೆದಿದ್ದಾನೆ. ಹದಿನೆಂಟಕ್ಕೆ ಹಿಂದೂಸ್ತಾನಿಯ ಮಾತನ್ನು ಹಿಡಿದು 'ಅಠಾರಾ ಕಚೇರಿ' ಎಂದರು. ಬೆಂಗಳೂರಿನಲ್ಲಿ ಹೈಕೋರ್ಟು ನಡೆಯುವ ಕೆಂಪು ಕಟ್ಟಡದ ಹೆಸರಿನಲ್ಲಿ ಅದು ಇಂದಿಗೂ ಇದೆ. ಆದರೆ ಒಳಗಿನ ಹೆಸರುಗಳೆಲ್ಲ ಅಚ್ಚಗನ್ನಡದ ಮೈಕಟ್ಟಿನವು: ಆಯಕಟ್ಟಿನ ಚಾವಡಿ, ಸುಂಕದ ಚಾವಡಿ, ಬೆಣ್ಣೆ ಚಾವಡಿ. ಇವುಗಳಲ್ಲಿ ನನಗೆ ಪ್ರಿಯವಾದದ್ದು ನಿರೂಪದ ಚಾವಡಿ. ಸೀಮೆಗಳಿಂದ ಬಂದ ಅರ್ಜಿ, ಬಿನ್ನಹಗಳನ್ನು ಅಲ್ಲಿ ಬರಮಾಡಿಕೊಂಡು ಓದಿ, ಅದಕ್ಕೆ ಆದ ಅಪ್ಪಣೆಯನ್ನು ನಿರೂಪವಾಗಿ ಕಳುಹಿಸುವರು. ಓದುವುದಕ್ಕೇ ಒಂದು ಚಾವಡಿ!

ಹುಡುಗಿಯ ಹೆಸರನ್ನು ತಿದ್ದಲು ಹೊಸ ಕರಡು ಏಳಬೇಕಾಯಿತು. ಬೀಗ ಬಿದ್ದ ಹಳೆಯ ಪ್ರತಿ, ಆ ಹೆಚ್ಚಿನ ಅಕ್ಷರದೊಡನೆ, ನನ್ನ ಹೆಸರು ನಿಮಿಷಗಳೊಡನೆ, ಹಾಗೆಯೇ ಇದೆ. ಅದನ್ನು ಅಳಿಸುವ ಅಧಿಕಾರ ನಮ್ಮ ಕಾಲೇಜಿನಲ್ಲಿ ಯಾರಿಗೂ ಇಲ್ಲ. ಕರಡು ನನ್ನ ಪರದೆಗೆ ಬಂದ ದಿನ ಅವಳನ್ನು ಕರೆಯಿಸಿದೆ. "ಹತ್ತನೆಯ ತರಗತಿಯ ಅಂಕಪಟ್ಟಿಯನ್ನೂ ಬ್ಯಾಂಕಿನ ಪುಸ್ತಕವನ್ನೂ ತಂದಿದ್ದೀಯೇನಮ್ಮ?" ಎಂದೆ. ತಂದಿದ್ದಳು. ಅವಳು ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಹೇಳಿದಳು, ನಾನು ಬೆರಳಿಟ್ಟು ತಾಳೆ ನೋಡಿದೆ. ತಂದೆಯ ಹೆಸರನ್ನೂ ಹೇಳಿಸಿದೆ. "ಸರಿ ಇದೆ ಸರ್" ಎಂದಳು. ಆಮೇಲೆ ಒತ್ತಿದೆ.

ಮೇಲಿನವರ ಒಪ್ಪಿಗೆ ಮರುನಿಮಿಷದಲ್ಲೇ ಬಂದಿತು. ಅವರು ಓದಿದರೋ ಇಲ್ಲವೋ, ಪರದೆಯ ಮೇಲೆ ನಿಮಿಷ ಮಾತ್ರ ದಾಖಲಾಗಿದೆ. ಹುಡುಗಿ ಅಂಕಪಟ್ಟಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, ಹಣ ಯಾವಾಗ ಬರುತ್ತದೆಂದು ಕೇಳಿದಳು. ಮುಂದಿನ ಕಂತಿನೊಡನೆ ಎಂದು ಆಫೀಸಿನವರು ಹೇಳಿದ್ದನ್ನೇ ಹೇಳಿದೆ.