ವೈ-ಫೈ ಕೀಲಿ ಸಾಗುವ ದಾರಿ

ಡಯಲ್-ಅಪ್ ಕಾಲದಲ್ಲಿ ಮಾಹಿತಿಯನ್ನು ಗುಪ್ತವಾಗಿಸುವ ಕೀಲಿಯ ಮಾತು ಸಾಮಾನ್ಯವಾಗಿ ಇರಲಿಲ್ಲ. ಮೋಡೆಮ್ ಫೋನ್ ಲೈನಿನಲ್ಲಿ ಸಂಪರ್ಕ ಹಿಡಿದಾಗ ಆಚೆಯ ಸರ್ವರ್‌ಗೆ ಗೊತ್ತಾಗಬೇಕಿದ್ದದ್ದು ಒಂದೇ: ಈ ಗ್ರಾಹಕ ನಮ್ಮವನೋ, ಅಲ್ಲವೋ. ಪ್ಯಾಪ್ ಎಂಬ ವಿಧಾನ ಪಾಸ್‌ವರ್ಡನ್ನು ಇದ್ದ ಹಾಗೇ ಕಳಿಸಿಬಿಡುತ್ತಿತ್ತು. 1998ರಲ್ಲಿ ಬಂದ, ಗುರುತು ಪರಿಶೀಲಿಸುವ ಚೌಕಟ್ಟಾದ ಇಎಪಿ ಕೂಡ ಹುಟ್ಟಿದ್ದು ಇಂಥ ತಂತಿ ಸಂಪರ್ಕಕ್ಕಾಗಿಯೇ. ಗುರುತು ಖಚಿತವಾದರೆ ಸಾಕು, ನಡುವೆ ಯಾರೂ ಕದ್ದು ಕೇಳುವುದಿಲ್ಲ ಎಂಬ ಧೈರ್ಯವಿತ್ತು.

ವೈ-ಫೈ ಬಂದ ಮೇಲೆ ಆ ಧೈರ್ಯಕ್ಕೆ ಆಧಾರ ಉಳಿಯಲಿಲ್ಲ. 1997ರ ವೈ-ಫೈ ಮಾನಕದ ರಕ್ಷಣಾ ವಿಧಾನವಾದ ವೆಪ್‌ನಲ್ಲಿ ಸಾಮಾನ್ಯವಾಗಿ ಇಡೀ ಕಚೇರಿಗೆ ಒಂದೇ ಕೀಲಿ. ಪ್ಯಾಕೆಟ್‌ನಿಂದ ಪ್ಯಾಕೆಟ್‌ಗೆ ಬದಲಾಗಲು ಇದ್ದದ್ದು 24 ಬಿಟ್ ಮಾತ್ರ. 2001ರಲ್ಲಿ ಫ್ಲೂರರ್, ಮಾಂಟಿನ್ ಮತ್ತು ಶಮೀರ್ ಅದನ್ನು ಒಡೆಯುವ ದಾರಿ ತೋರಿಸಿದರು. ವೆಪ್ ಸೋತಿದ್ದು ಗೂಢಲಿಪಿಯ ದೌರ್ಬಲ್ಯದಿಂದ ಎನ್ನುವುದು ವಾಡಿಕೆ. ಅದಕ್ಕಿಂತ ದೊಡ್ಡ ಕೊರತೆ ಬೇರೆಯಿತ್ತು: ಕೀಲಿಯನ್ನು ತಾನಾಗಿ ಬದಲಿಸುವ ವ್ಯವಸ್ಥೆಯೇ ಇರಲಿಲ್ಲ. ನೌಕರನೊಬ್ಬ ಕೆಲಸ ಬಿಟ್ಟರೆ ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಕೈಯಾರೆ ಹೊಸ ಕೀಲಿ ಹಾಕಬೇಕು. ಯಾರು ಹಾಕುತ್ತಾರೆ?

ನಿಜವಾದ ತಿರುವು 2004ರದ್ದು. ಪರಿಷ್ಕೃತ ಇಎಪಿ ಮತ್ತು ವೈ-ಫೈ ಭದ್ರತೆಯ ಹೊಸ ಮಾನಕ 802.11ಐ ಎರಡೂ ಬಂದದ್ದು ಅದೇ ವರ್ಷ. ಇಎಪಿಯ ಒಂದು ಬಗೆಯಾದ ಇಎಪಿ-ಟಿಎಲ್‌ಎಸ್‌ನಲ್ಲಿ ಲ್ಯಾಪ್‌ಟಾಪ್ ಮತ್ತು ಸರ್ವರ್ ಪ್ರಮಾಣಪತ್ರ ತೋರಿಸಿಕೊಂಡು, ತಂತಮ್ಮಲ್ಲೇ 64 ಬೈಟ್‌ಗಳ ಎಂಎಸ್‌ಕೆ ಎಂಬ ಮೂಲ ಕೀಲಿಯನ್ನು ಲೆಕ್ಕ ಹಾಕುತ್ತವೆ. ಅದು ಗಾಳಿಯಲ್ಲಿ ಹಾಯುವುದೇ ಇಲ್ಲ. ಸರ್ವರ್ ಅದನ್ನು ವೈ-ಫೈ ಬೀರುವ ಪೆಟ್ಟಿಗೆಯಾದ ಆಕ್ಸೆಸ್ ಪಾಯಿಂಟ್‌ಗೆ ಒಪ್ಪಿಸುತ್ತದೆ. ಆಮೇಲೆ ನಾಲ್ಕು ಸಂದೇಶಗಳ ವಿನಿಮಯ: ಎರಡೂ ಕಡೆಯವರು ಒಂದೊಂದು ಯಾದೃಚ್ಛಿಕ ಸಂಖ್ಯೆ ಕೊಟ್ಟು, ಮ್ಯಾಕ್ ವಿಳಾಸಗಳನ್ನೂ ಬೆರೆಸಿ, ಆ ಸಂಪರ್ಕಕ್ಕಷ್ಟೇ ಸಲ್ಲುವ ಹೊಸ ಕೀಲಿ ತೆಗೆಯುತ್ತಾರೆ.

ಆದರೆ ಆಕ್ಸೆಸ್ ಪಾಯಿಂಟ್ ಮೂಲ ಮಾತುಕತೆಯಲ್ಲಿ ಪಾಲುದಾರನೇ ಅಲ್ಲ, ಬರೀ ಸಂದೇಶ ದಾಟಿಸುವವನು. ಅವನು ತಾನು ಯಾರೆಂದು ಲ್ಯಾಪ್‌ಟಾಪ್‌ಗೊಂದು, ಸರ್ವರ್‌ಗೊಂದು ಹೇಳಿದರೆ? ಹೌಸ್ಲಿ ಮತ್ತು ಅಬೋಬಾ 2007ರ ಆರ್‌ಎಫ್‌ಸಿ 4962ರಲ್ಲಿ ಕಟ್ಟುನಿಟ್ಟು ಹೇಳಿದ್ದು ಇದಕ್ಕೇ: ಕೀಲಿ ಯಾರಿಗೆ, ಯಾವುದಕ್ಕೆ ಎಂಬುದು ಆ ಕೀಲಿಗೇ ಬಿಗಿದುಕೊಂಡಿರಬೇಕು, ಒಂದು ಪೆಟ್ಟಿಗೆ ಶತ್ರುವಿನ ಕೈಸೇರಿದರೆ ಇನ್ನೊಂದರ ಕೀಲಿ ಬಯಲಾಗಬಾರದು. 2009ರಲ್ಲಿ ಬಂದ ಇಎಪಿಯ ಇನ್ನೊಂದು ಬಗೆ, ಇಎಪಿ-ಎಕೆಎ ಪ್ರೈಮ್, ಜಾಲದ ಹೆಸರನ್ನೇ ಕೀಲಿಯೊಳಗೆ ಬೆರೆಸಿತು. ಇವತ್ತಿನ 5ಜಿಯೂ ಅದನ್ನು ಬಳಸುತ್ತದೆ.

ಆ ನಾಲ್ಕು ಸಂದೇಶಗಳ ವಿನಿಮಯದ ಮೇಲೆ ನಡೆದ 2017ರ ಕ್ರ್ಯಾಕ್ ದಾಳಿ ಬೇರೆಯದೇ ಪಾಠ. ಗಣಿತದಲ್ಲಿ ತಪ್ಪಿರಲಿಲ್ಲ. ಮೂರನೆಯ ಸಂದೇಶ ಮರಳಿ ಬಂದರೆ ಸಾಧನ ಅದೇ ಕೀಲಿಯನ್ನು ಮತ್ತೆ ಅಳವಡಿಸಿಕೊಂಡು, ಪ್ಯಾಕೆಟ್ ಎಣಿಕೆಯನ್ನು ಮೊದಲಿಂದ ಶುರುಮಾಡುತ್ತಿತ್ತು. ಮರುವರ್ಷ ಬಂದ ವೈ-ಫೈ ಭದ್ರತೆಯ ಹೊಸ ಪೀಳಿಗೆ ಡಬ್ಲ್ಯುಪಿಎ3 ಮುಖ್ಯವಾಗಿ ಮನೆಯ ಪಾಸ್‌ವರ್ಡ್‌ಗಳನ್ನು ಬಿಗಿಮಾಡಿತು.

ಇಷ್ಟೆಲ್ಲ ಆದರೂ ಸರ್ವರ್‌ನಿಂದ ಆಕ್ಸೆಸ್ ಪಾಯಿಂಟ್‌ಗೆ ಕೀಲಿ ಸಾಗುವ ದಾರಿಯಲ್ಲಿ ಅನೇಕ ಕಡೆ ಇನ್ನೂ ರೇಡಿಯಸ್ ಎಂಬ ಹಳೆಯ ಸಂವಹನ ವಿಧಾನವೇ ಇದೆ. ಅಲ್ಲಿ ಕೀಲಿಗೆ ಮುಸುಕು 1999ರಲ್ಲಿ ವಿವರಿಸಿದ, ಎಂಡಿ5 ಎಂಬ ಹ್ಯಾಶ್ ಆಧಾರಿತ ವಿಧಾನ. 2024ರ ಜುಲೈಯಲ್ಲಿ ಬಯಲಾದ ಬ್ಲಾಸ್ಟ್‌ರೇಡಿಯಸ್ ದಾಳಿ, ಅದೇ ಎಂಡಿ5ನ ದೌರ್ಬಲ್ಯ ಬಳಸಿ ಸರ್ವರ್‌ನ ನಿರಾಕರಣೆಯನ್ನು ಒಪ್ಪಿಗೆಯಾಗಿ ತಿದ್ದಬಹುದೆಂದು ತೋರಿಸಿತು. ಇಎಪಿ ಪಾರಾದದ್ದು ಅದರ ಸಂದೇಶಗಳಿಗೆ ಬೇರೊಂದು ಸಹಿ ಕಡ್ಡಾಯವಾಗಿದ್ದರಿಂದ. ರೇಡಿಯಸ್ಸನ್ನು ಗೂಢಲಿಪಿಯ ಸುರಂಗವಾದ ಟಿಎಲ್‌ಎಸ್‌ನೊಳಗೆ ಕಳಿಸುವ ವಿಧಾನ 2012ರಿಂದಲೇ ಲಿಖಿತವಾಗಿ ಇದೆ. ಕಾಲೇಜು ಅಥವಾ ಕಚೇರಿಯ ಜಾಲ ನೋಡಿಕೊಳ್ಳುವವರು ಹೊಸ ಆಕ್ಸೆಸ್ ಪಾಯಿಂಟ್ ಕೊಳ್ಳುವ ಮುನ್ನ ಇದನ್ನು ಜಾರಿಮಾಡಲಿ.